ನಮ್ಮ ಮನೆಗಳಲ್ಲಿ ಸಂಜೆ ಪ್ರಾರ್ಥನೆ ನಿಂತಿದ್ದು ಯಾವಾಗ?

ಬಂಗಾರಪೇಟೆ ಟೀಚರ್

ಎಲ್ಲರಿಗೂ ವಂದನೆಗಳು. ತುಂಬಾ ದಿನದಿಂದ ಕೊರೆಯುತ್ತಿರುವ ಮಾತು ಇದು. ಸ್ವಲ್ಪ ಉದ್ದ ಆದರೂ ಓದಿ, ನಿಮ್ಮ ನಿಮ್ಮ ಮನೆಯ ವಿಷಯ ಹೇಳಿ.

ನಾನು ಬಂಗಾರಪೇಟೆಯಲ್ಲಿ 24 ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಶುರುವಿನಲ್ಲಿ ಮೂರು ತರಗತಿ ಮಾಡಿ ಕೂರಿಸುವಷ್ಟು ಮಕ್ಕಳಿದ್ದರು. ಕಳೆದ ಭಾನುವಾರ ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ಒಂದೇ ಮನೆಯವರು. ಉಳಿದವರು ಎಲ್ಲಿ ಅಂದರೆ ನೀಟ್ ಕೋಚಿಂಗ್, ಕರಾಟೆ, ‘ಅಪ್ಪನಿಗೆ ಇವತ್ತೊಂದೇ ದಿನ ರಜೆ ಮಿಸ್, ಇನ್ನೂ ಎದ್ದಿಲ್ಲ’. ಇದು ನಿಮಗೆಲ್ಲ ಗೊತ್ತಿರುವುದೇ. ನಾನು ಬರೆಯಲು ಕೂತದ್ದು ಅದಕ್ಕಲ್ಲ.

ಅವತ್ತು ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗ ಅರ್ಧಕ್ಕೆ ನಿಂತುಬಿಟ್ಟ. ಮುಂದಕ್ಕೆ ಹೇಳಪ್ಪಾ ಅಂದೆ. ‘ಮಿಸ್, ಅದು ಚರ್ಚಲ್ಲಿ ಸ್ಕ್ರೀನ್ ಮೇಲೆ ಬರುತ್ತಲ್ಲ, ಬಾಯಿಪಾಠ ಯಾಕೆ ಮಾಡ್ಬೇಕು?’ ಅಂದ. ತುಂಟತನಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ಆಗ ನಾನು, ನಿಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಕೂತು ಪ್ರಾರ್ಥನೆ ಮಾಡುವವರು ಕೈ ಎತ್ತಿ ಅಂದೆ. ಎದ್ದದ್ದು ಒಂದೇ ಕೈ. ಆ ಹುಡುಗಿಯ ಮನೆಯಲ್ಲಿ ಅಜ್ಜಿ ಇದ್ದಾರೆ.

ನಮ್ಮ ಮನೆಯಲ್ಲೂ ಅಜ್ಜಿಯೇ ಇದ್ದದ್ದು. ನಾನು ಹುಟ್ಟಿದ್ದು ಕೋಲಾರದ ಇಟಿಸಿಎಂ ಮಿಷನ್ ಆಸ್ಪತ್ರೆಯಲ್ಲಿ. ನಮ್ಮಜ್ಜಿ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವರು. ರಾತ್ರಿ ಎಂಟಕ್ಕೆ ಒಲೆ ಆರಿಸಿ, ಚಾಪೆ ಹಾಸಿ, ನ್ಯೂಸ್‌ಪೇಪರ್ ರಟ್ಟು ಹಾಕಿದ ಸತ್ಯವೇದವನ್ನು (ಬೈಬಲ್) ನನ್ನ ತೊಡೆ ಮೇಲೆ ಇಡುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ನಿದ್ದೆಗಣ್ಣಿನಲ್ಲಿ ನಾನು 103ನೆಯ ಕೀರ್ತನೆಯ ಒಂದು ಸಾಲು ಹಾರಿಸಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ‘ಹಿಂದಕ್ಕೆ ಹೋಗು’ ಅನ್ನುತ್ತಿದ್ದರು. ಆಮೇಲೆ ಊರಿನಲ್ಲಿ ಯಾರಿಗೆ ಜ್ವರ, ಯಾರ ಮಗ ಕೆಲಸ ಕಳಕೊಂಡ, ಯಾರ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಒಬ್ಬೊಬ್ಬರ ಹೆಸರೂ ಪ್ರಾರ್ಥನೆಯಲ್ಲಿ ಬರಬೇಕು. ಬೆಳಿಗ್ಗೆ ಅವರ ಮನೆ ಮುಂದೆ ಹೋಗಿ ‘ಹೇಗಿದ್ದಾರೆ’ ಅಂತ ಕೇಳಿಕೊಂಡು ಬರುವ ಕೆಲಸ ನನ್ನದು.

ಅಜ್ಜಿ ಹೋದ ಮೇಲೆ ಅಮ್ಮ ನಡೆಸಿದರು. ಅಮ್ಮನಿಗೆ ಕಣ್ಣು ಮಂಜಾದ ಮೇಲೆ ನಾನು ನಡೆಸಬೇಕಿತ್ತು. ನಡೆಸಲಿಲ್ಲ. ಯಾವ ದಿನ ನಿಂತಿತು ಅಂತಲೇ ನನಗೆ ನೆನಪಿಲ್ಲ, ಅದೇ ನನಗೆ ದೊಡ್ಡ ನೋವು. ಭಾನುವಾರ ಮಕ್ಕಳಿಗೆ ಪಾಠ ಹೇಳುವವಳ ಮನೆಯಲ್ಲೇ ಸೋಮವಾರದಿಂದ ಶನಿವಾರದವರೆಗೆ ಸತ್ಯವೇದ ಶೋಕೇಸಿನಲ್ಲಿದೆ.

ಜನ ಸೆಕ್ಯುಲರ್ ಆಗುತ್ತಿದ್ದಾರೆ, ಕಾಲ ಕೆಟ್ಟಿತು ಅಂತ ಚರ್ಚಿನ ಪ್ರಸಂಗದಲ್ಲಿ ಕೇಳುತ್ತಲೇ ಇರುತ್ತೇವೆ. ನನಗನ್ನಿಸುವುದು, ಚರ್ಚು ಖಾಲಿಯಾಗುವುದಕ್ಕೆ ಎಷ್ಟೋ ಮೊದಲೇ ನಮ್ಮ ಚಾಪೆ ಖಾಲಿಯಾಗಿತ್ತು. ನಿಮ್ಮ ಮನೆಯಲ್ಲಿ ಯಾವಾಗ ನಿಂತಿತು? ಯಾಕೆ ನಿಂತಿತು?

ಮಾರಿಕುಪ್ಪಂ ರೈಲು

ಅಕ್ಕಾ, ನಮ್ಮನೇಲಿ ಯಾವಾಗ ನಿಂತಿದ್ದು ಅಂತ ನನಗೆ ಚೆನ್ನಾಗಿ ನೆನಪಿದೆ. 2001. ಫೆಬ್ರವರಿ ಕೊನೆಗೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ರಲ್ಲ, ಅದಾದ ಎರಡು ತಿಂಗಳಿಗೆ.

ಅಪ್ಪ ಗಣಿಯಲ್ಲಿದ್ದಾಗ ಶಿಫ್ಟ್ ಯಾವುದೇ ಇರಲಿ, ಮನೆಗೂ ಗಣಿಗೂ ನಡೆದು ಹೋಗೋ ದಾರಿ. ನೆಲದಡಿಗೆ ಇಳಿಯೋ ಮುಂಚೆ ಅಮ್ಮ ಅವರ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡ್ತಿದ್ರು. ಮೇಲೆ ಬಂದ್ರೆ ಸ್ತೋತ್ರ ಹೇಳ್ತಿದ್ರು. ಗಣಿ ಮುಚ್ಚಿದ ಮೇಲೆ ಅಪ್ಪ ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ರು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರೋದು. ಈಗ ನನ್ನದೂ ಅದೇ ರೈಲು, ಬಂಗಾರಪೇಟೆಯಿಂದ ಹತ್ತುತೀನಿ. ನಾನು ಮನೆಗೆ ಬಂದಾಗ ಮಗಳು ಮಲಗಿರ್ತಾಳೆ, ನಾನು ಹೊರಡೋವಾಗ್ಲೂ ಮಲಗಿರ್ತಾಳೆ. ಇಡೀ ಮನೆ ಒಟ್ಟಿಗೆ ಎಚ್ಚರ ಇರೋ ಹೊತ್ತು ಅಂತಾನೇ ಇಲ್ಲ.

ದೇವರ ಮೇಲೆ ನನಗೆ ಕೋಪ ಇಲ್ಲ, ಅನುಮಾನಾನೂ ಇಲ್ಲ. ಟೇಕಲ್ ದಾಟಿದ ಮೇಲೆ ಸೀಟು ಸಿಕ್ಕಿದ್ರೆ ಫೋನಲ್ಲಿ ಒಂದು ಅಧ್ಯಾಯ ಓದ್ತೀನಿ, ಸಿಗದಿದ್ರೆ ನಿಂತ್ಕೊಂಡೇ ಕಣ್ಣು ಮುಚ್ತೀನಿ. ಭಾನುವಾರ ಎದ್ದು ಚರ್ಚಿಗೆ ಹೋಗೋಕೆ ಮೈ ಬರಲ್ಲ. ಎದುರು ಸಾಲಿನವರು ‘ಏನಪ್ಪಾ, ಕಾಣಿಸೋದೇ ಇಲ್ಲ’ ಅಂತಾರೆ. ಆ ಒಂದು ಮಾತು ಕೇಳ್ಬೇಕಾಗುತ್ತೆ ಅಂತಾನೇ ಎಷ್ಟೋ ಭಾನುವಾರ ಹೋಗಿಲ್ಲ.

ಊರ್ಗಾಂ

ನಾನು ಕ್ಯಾಥೊಲಿಕ್, ಆದರೂ ಇಲ್ಲಿ ಮಾತಾಡಬಹುದು ಅಂದುಕೊಂಡಿದ್ದೇನೆ.

ನಮ್ಮಲ್ಲಿ ಅದು ಜಪಸರ. ಅಕ್ಟೋಬರ್ ಬಂದರೆ ಮರಿಯ ಮಾತೆಯ ಸ್ವರೂಪ (ಪ್ರತಿಮೆ) ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ದಿನಕ್ಕೊಂದು ಮನೆಗೆ ಬರುತ್ತಿತ್ತು. ನಮ್ಮ ಮನೆಗೆ ಬರುವ ದಿನ ಅಮ್ಮ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಒಂದೇ ಕೋಣೆಯ ಮನೆ, ಇಪ್ಪತ್ತು ಜನ ಒಳಗೆ, ಉಳಿದವರು ಬೀದಿಯಲ್ಲಿ ಮಂಡಿಯೂರಿ. ತಾತನಿಗೆ ಬಲಿಪೂಜೆಯಲ್ಲಿ ಜನ ಹೇಳುವ ಲ್ಯಾಟಿನ್ ಉತ್ತರಗಳು ಬರುತ್ತಿದ್ದವು. ನಮ್ಮ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಸಭೆ ಮುಗಿದದ್ದು 1965ರಲ್ಲಿ, ಆಮೇಲೆ ಬಲಿಪೂಜೆ ಜನರ ಭಾಷೆಗೆ ಬಂತು. ತಾತ ಮಾತ್ರ ಸಾಯುವವರೆಗೂ ಹಳೆಯದನ್ನೇ ಗುನುಗುತ್ತಿದ್ದರು. ಅರ್ಥ ಕೇಳಿದರೆ ‘ಅರ್ಥ ದೇವರಿಗೆ ಗೊತ್ತು’ ಅನ್ನುವರು.

ಈಗ ಚಾಂಪಿಯನ್ ರೀಫ್ಸ್‌ನ ವಿಜಯಮಾತೆ ದೇವಾಲಯಕ್ಕೆ ಹಬ್ಬದ ದಿನ ಬನ್ನಿ, ಕಾಲಿಡಲು ಜಾಗ ಇರಲ್ಲ. ಬೆಂಗಳೂರು, ಚೆನ್ನೈ, ಹೊಸೂರಿಂದ ಎಲ್ಲರೂ ಬರುತ್ತಾರೆ. ಮರುದಿನ ಸಂಜೆ ಅದೇ ಬೀದಿಯಲ್ಲಿ ನಡೆದರೆ ಬೀಗ ಹಾಕಿದ ಮನೆಗಳು. ಹಬ್ಬಕ್ಕೆ ಬರುವವರಲ್ಲಿ ಎಷ್ಟು ಜನ ಮಾತೆಗಾಗಿ ಬರುತ್ತಾರೆ, ಎಷ್ಟು ಜನ ಬಾಲ್ಯಕ್ಕಾಗಿ ಬರುತ್ತಾರೆ ಅಂತ ನನಗೇ ಗೊತ್ತಾಗುವುದಿಲ್ಲ. ನಾನೂ ಅವರಲ್ಲಿ ಒಬ್ಬಳು, ನನ್ನನ್ನೇ ಕೇಳಿಕೊಂಡಿದ್ದೇನೆ.

ವೈಟ್‌ಫೀಲ್ಡ್ ಪಿಜಿ

ನನಗೆ 26 ವರ್ಷ. ಊರು ಮಾಲೂರು ಹತ್ತಿರ. ನಾನು ಈಗ ನಂಬುವವನಲ್ಲ. ಇಲ್ಲಿ ಹಾಗೆ ಹೇಳಿದರೆ ಯಾರಾದರೂ ಬೇಜಾರು ಮಾಡಿಕೊಳ್ಳಬಹುದು, ಆದರೆ ಟೀಚರ್ ಪ್ರಾಮಾಣಿಕವಾಗಿ ಕೇಳಿದ್ದಾರೆ, ಹಾಗಾಗಿ ಪ್ರಾಮಾಣಿಕವಾಗಿಯೇ ಹೇಳ್ತೀನಿ.

ಮೊದಲು ಒಂದು ಮಾತು. ‘ಸೆಕ್ಯುಲರ್’ ಅನ್ನೋ ಪದಾನ ಬೈಗುಳದ ಥರ ಬಳಸಬೇಡಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು ಕ್ರೈಸ್ತರು ನೂರಕ್ಕೆ 1.87, ಹನ್ನೊಂದೂವರೆ ಲಕ್ಷದಷ್ಟು ಜನ. ನಮ್ಮ ಮಟ್ಟಿಗೆ ಜಾತ್ಯತೀತ ಸರ್ಕಾರ ಅಂದ್ರೆ ತಲೆ ಮೇಲಿನ ಸೂರು. ಸಂವಿಧಾನದ 25ನೇ ವಿಧಿ ಇರೋದ್ರಿಂದಲೇ ಟೀಚರ್ ಸಂಡೇ ಸ್ಕೂಲ್ ನಡೆಸ್ತಿದ್ದಾರೆ, ನಾನು ಬಿಟ್ಟು ಹೊರಗೆ ಬರೋಕೂ ಆಗಿದೆ. ನೀವು ಹೇಳ್ತಿರೋದು ಬೇರೆ. ಅದನ್ನ ಲೌಕಿಕ ಅನ್ನಿ.

ಇನ್ನು ನಾನು ಯಾಕೆ ಬಿಟ್ಟೆ. ಚರ್ಚಿನ ಪೂರ್ಣ ಸದಸ್ಯರಾಗೋ ಮುಂಚಿನ ದೃಢೀಕರಣದ ಕ್ಲಾಸಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನಮ್ಮ ಪಕ್ಕದ ಮನೆ ಅಣ್ಣ ಬೈಕ್ ಆಕ್ಸಿಡೆಂಟಲ್ಲಿ ಸತ್ತಿದ್ದ, ಹೆಂಡತಿ ಏಳು ತಿಂಗಳ ಬಸುರಿ. ಇಡೀ ಸಭೆ ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿತ್ತು. ಯಾಕೆ ಉಳೀಲಿಲ್ಲ ಅಂತ ಕೇಳಿದೆ. ‘ಇಂಥದ್ದೆಲ್ಲ ಕೇಳಬಾರದು, ಸೈತಾನ ನಿನ್ನ ಬಾಯಲ್ಲಿ ಮಾತಾಡ್ತಿದ್ದಾನೆ’ ಅಂದ್ರು ಪಾಠ ಹೇಳ್ತಿದ್ದವರು. ಹದಿನಾಲ್ಕು ವರ್ಷದ ಹುಡುಗ ನಾನು. ಅವತ್ತು ರಾತ್ರಿ ನಿಜಕ್ಕೂ ಭಯಪಟ್ಟಿದ್ದೆ.

ಆಮೇಲೆ ಕಮಿಟಿ ಎಲೆಕ್ಷನ್ ಜಗಳ, ಜಾಗದ ಕೇಸು, ಎರಡು ಗುಂಪು ಆಗಿ ಕ್ರಿಸ್ಮಸ್ ಕ್ಯಾರಲ್‌ಗೆ ಎರಡು ಜೀಪು. ಬೆಂಗಳೂರಿಗೆ ಬಂದ ಮೇಲೆ ಒಂದು ಭಾನುವಾರ ಹೋಗಲಿಲ್ಲ, ಎರಡು ಹೋಗಲಿಲ್ಲ. ಯಾರಾದ್ರೂ ಫೋನ್ ಮಾಡ್ತಾರೆ ಅಂತ ಕಾದೆ. ಆರು ತಿಂಗಳಿಗೆ ಒಂದು ಮೆಸೇಜ್ ಬಂತು, ಸಭಾ ಚಂದಾ ಬಾಕಿ ಇದೆ ಅಂತ.

ನಂಬಿಕೆ ಒಂದು ದಿನ ಕುಳಿತು ಬಿಟ್ಟಿದ್ದಲ್ಲ ಟೀಚರ್. ಚಾಪೆ ಬಗ್ಗೆ ನೀವು ಬರೆದಿದ್ದು ಓದಿ ಗಂಟಲು ಕಟ್ಟಿತು, ಅಷ್ಟು ಮಾತ್ರ ಹೇಳ್ತೀನಿ.

ಮುಳಬಾಗಿಲು ಕಡೆಯವ

ನೀವೆಲ್ಲ ಖಾಲಿ ಆಗ್ತೈತೆ ಅಂತೀರಿ. ನಮ್ಮೂರ್ನಾಗೆ ಜಾಗ ಸಾಲ್ತಿಲ್ಲ.

ಶೀಟ್ ಹಾಕಿದ ಮನೆ. ವಾರಕ್ಕೆ ಮೂರು ರಾತ್ರಿ ಕೂಟ. ಟೊಮೇಟೊ ಕೀಳಕ್ಕೆ ಹೋಗಿ ಬಂದೋರು, ರೇಷ್ಮೆ ಮನೆ ಕೆಲ್ಸದೋರು, ಕೈ ಕಾಲು ತೊಳ್ಕೊಂಡು ಸೀದಾ ಬತ್ತಾರೆ. ಹಾಡು ತೆಲುಗು, ಪ್ರಸಂಗ ಕನ್ನಡ, ಅಳೋದು ಎರಡ್ರಾಗೂ. ಕಂಜಿರ ಒಂದಿದ್ರೆ ಸಾಕು.

ಆದ್ರೆ ನಾವು ನಿಮ್ಮ ಲೆಕ್ಕದಾಗೆ ಬರಲ್ಲ. ಆ 1.87ರಾಗೂ ಇಲ್ಲ. ಯಾಕಂದ್ರೆ ಪರಿಶಿಷ್ಟ ಜಾತಿ ಯಾರು ಅಂತ ಹೇಳೋ 1950ರ ಆದೇಶ ಐತಲ್ಲ, ಕ್ರೈಸ್ತ ಅಂತ ಬರ್ಸಿದ್ರೆ ಪರಿಶಿಷ್ಟ ಜಾತಿ ಹೋಯ್ತು. ಸಿಖ್ಖರಿಗೆ 1956ರಾಗೆ ಸೇರಿಸಿದ್ರು, ಬೌದ್ಧರಿಗೆ 1990ರಾಗೆ. ನಮ್ಗೆ ಇವತ್ತಿಗೂ ಇಲ್ಲ. ಊರಾಗೆ ನಮ್ಮನ್ನ ನೋಡೋ ಕಣ್ಣು ಮಾತ್ರ ಬದಲಾಗಿಲ್ಲ, ಕೇರಿನೂ ಅದೇ, ಬಾವಿನೂ ಅದೇ. ಮಗಳ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು ಎಲ್ಲ ಆ ಒಂದು ಕಾಗದದ ಮೇಲೆ ನಿಂತೈತೆ. ನಾಲ್ಕು ಜನರ ಮುಂದೆ ನಿಂತು ನಾನು ಯೇಸುವಿನೋನು ಅಂತ ಹೇಳಕ್ಕೆ ಬಾಯಿಗೆ ಬಂದ ಮಾತು ನುಂಗ್ಕೋಬೇಕು. ಟೌನಿನೋರು ‘ಧೈರ್ಯವಾಗಿ ಒಪ್ಕೊಳ್ಳಿ’ ಅಂತ ಪ್ರಸಂಗ ಮಾಡಿ ಕಾರು ಹತ್ತಿ ಹೋಗ್ತಾರೆ.

ನಂಬಿಕೆ ಕಡಿಮೆ ಆಗಿರೋ ಕಡೆ ಸ್ವಾತಂತ್ರ್ಯ ಐತೆ, ನಂಬಿಕೆ ಇರೋ ಕಡೆ ಬಾಯಿ ಮುಚ್ಕೊಂಡಿರ್ಬೇಕು. ಇದನ್ನೂ ನಿಮ್ ಚರ್ಚೆಗೆ ಸೇರ್ಸ್ಕೊಳ್ಳಿ ಟೀಚರಮ್ಮ.

ಬಂಗಾರಪೇಟೆ ಟೀಚರ್

ಅಣ್ಣಾ, ಸೇರಿಸಿಕೊಂಡೆ. ನಾನು ಹನ್ನೊಂದು ಮಕ್ಕಳ ಲೆಕ್ಕ ಹಾಕುತ್ತಾ ಕೂತಿದ್ದೆ, ನಿಮ್ಮ ಮನೆಯ ಮಕ್ಕಳು ನನ್ನ ಲೆಕ್ಕದಲ್ಲೇ ಇರಲಿಲ್ಲ. ಕ್ಷಮಿಸಿ.

ಪಿಜಿ ತಮ್ಮಾ, ನಿನ್ನ ಪ್ರಶ್ನೆ ಸರಿಯಾದ ಪ್ರಶ್ನೆ. ಸತ್ಯವೇದದಲ್ಲಿ ಯೋಬ ಕೇಳಿದ್ದೂ ಅದನ್ನೇ, ದಾವೀದನ ಕೀರ್ತನೆಗಳಲ್ಲಿ ಅರ್ಧಕ್ಕರ್ಧ ಅದೇ ಕೂಗು. ನಿನಗೆ ಹಾಗೆ ಅಂದವರು ಆ ಪುಟಗಳನ್ನು ಎದೆಗೆ ಹಾಕಿಕೊಂಡು ಓದಿರಲಿಲ್ಲ. ನನಗೂ ಉತ್ತರ ಗೊತ್ತಿಲ್ಲ ಕಣಪ್ಪಾ. ನನ್ನ ತಂಗಿ ತೀರಿಕೊಂಡಾಗ ಒಂದು ವರ್ಷ ನಾನು ಹಾಡು ಹಾಡಲಿಲ್ಲ, ಬಾಯಿ ತೆರೆದರೆ ಸಿಟ್ಟು ಬರುತ್ತಿತ್ತು. ಪಕ್ಕದಲ್ಲಿ ನಿಂತು ಹಾಡುತ್ತಿದ್ದ ಹೆಂಗಸರ ದನಿ ಕೇಳಿಸಿಕೊಂಡು ಸುಮ್ಮನೆ ನಿಂತಿರುತ್ತಿದ್ದೆ.

ಪಾಸ್ಟರಮ್ಮ

ಚಂದಾ ಬಾಕಿಯ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಸಭೆಯವನಲ್ಲದಿದ್ದರೂ ಮಗಾ, ನಿನ್ನ ಹತ್ತಿರ ಕ್ಷಮೆ ಕೇಳುತ್ತೇನೆ.

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ನಮ್ಮ ಪಾಸ್ಟರ್ ಅಯ್ಯನವರಿಗೆ ನಾಲ್ಕು ಸಭೆ, ಒಂದು ಬೈಕು. ಭಾನುವಾರ ಬೆಳಿಗ್ಗೆ ಏಳಕ್ಕೆ ಒಂದು ಕಡೆ ಆರಾಧನೆ, ಹತ್ತಕ್ಕೆ ಇನ್ನೊಂದು ಕಡೆ, ಮಧ್ಯಾಹ್ನ ಮೂರನೆಯದು, ಸಂಜೆ ನಾಲ್ಕನೆಯದು. ಮೊದಲೆಲ್ಲ ಮನೆ ಭೇಟಿ ಅಂದರೆ ಬಾಗಿಲು ತೆರೆದೇ ಇರುತ್ತಿತ್ತು, ಒಳಗೆ ಹೋಗಿ ಕೂತರೆ ಕಾಫಿ, ಪ್ರಾರ್ಥನೆ, ಸೊಸೆಯ ಮೇಲೆ ಅತ್ತೆಯ ದೂರು, ಎಲ್ಲ ಆಗುತ್ತಿತ್ತು. ಈಗ ‘ಫೋನ್ ಮಾಡಿ ಬನ್ನಿ ಅಮ್ಮಾ’ ಅನ್ನುತ್ತಾರೆ. ಫೋನ್ ಮಾಡಿದರೆ ‘ಈ ವಾರ ಬೇಡ’. ತಪ್ಪು ಒಂದೇ ಕಡೆ ಇಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಮೂರು ಗಂಡುಮಕ್ಕಳೂ ಹೊರದೇಶದಲ್ಲಿ, ಟಿಕೆಟ್ ಸಿಗಲಿಲ್ಲ. ಸಮಾಧಿ ತೋಟದ ನೆಲ ನಮ್ಮ ಕೋಲಾರದ ಕಲ್ಲು ನೆಲ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತೆ. ಅಗೆಯುವವರು ಇಬ್ಬರೇ ಬಂದಿದ್ದರು, ಮಧ್ಯಾಹ್ನ ಹನ್ನೆರಡಾದರೂ ಮೂರಡಿ ಇಳಿದಿರಲಿಲ್ಲ. ಆಗ ಗೇಟಿನ ಹತ್ತಿರ ಬೈಕ್ ಮೇಲೆ ಕೂತಿದ್ದ ಐದಾರು ಹುಡುಗರು ಬಂದರು. ಎರಡು ವರ್ಷದಿಂದ ಚರ್ಚಿನ ಮೆಟ್ಟಿಲು ಹತ್ತದವರು. ಒಬ್ಬ ಶರ್ಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಇಳಿದ, ಉಳಿದವರು ಸರದಿಯಲ್ಲಿ. ಪೆಟ್ಟಿಗೆ ಹೊತ್ತವರೂ ಅವರೇ. ಅಯ್ಯನವರು ಮಣ್ಣು ಹಾಕುವ ಮಾತು ಹೇಳುವಾಗ ಆ ಹುಡುಗ ಗುಂಡಿಯ ಪಕ್ಕ ನಿಂತಿದ್ದ, ಅಂಗೈ ಬೊಬ್ಬೆ ಒಡೆದು ರಕ್ತ. ‘ಈ ತಾತ ನನಗೆ ಸೈಕಲ್ ಹೊಡೆಯೋದು ಕಲಿಸಿದ್ರು’ ಅಂದ, ಅಷ್ಟೇ.

ಅವರು ಬಿಟ್ಟುಹೋದವರು ಅಂತ ನಾನು ಇನ್ನು ಮೇಲೆ ಹೇಳಲಾರೆ.

ನರ್ಸಕ್ಕ

ಇಂಗ್ಲೆಂಡಿನಿಂದ ಬರೀತಿದ್ದೀನಿ. ಹುಟ್ಟೂರು ಕೋಲಾರ, ಇಲ್ಲಿಗೆ ಬಂದು ಒಂಬತ್ತು ವರ್ಷ.

ಇಲ್ಲಿ 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಕ್ರೈಸ್ತರು ಅಂತ ಬರೆಸಿದವರು ನೂರಕ್ಕೆ 46.2. ಹತ್ತು ವರ್ಷದ ಹಿಂದೆ 59.3 ಇತ್ತು. ಯಾವ ಧರ್ಮವೂ ಇಲ್ಲ ಅಂದವರು 37.2. ಅಂಕಿ ಓದೋದು ಬೇರೆ, ಕಣ್ಣಲ್ಲಿ ನೋಡೋದು ಬೇರೆ. ನಾನು ಬಸ್ ಕಾಯೋ ಸ್ಟಾಪಿನ ಎದುರಿಗೆ ಮೆಥಡಿಸ್ಟ್ ಪಂಗಡದ ಒಂದು ಹಳೇ ಚಾಪೆಲ್ (ಚಿಕ್ಕ ಚರ್ಚು) ಇದೆ. ಈಗ ಅದು ಫ್ಲಾಟುಗಳು. ಬಲಿಪೀಠ ಇದ್ದ ಕಡೆಯ ಕಿಟಕಿಯಲ್ಲಿ ಯಾರದ್ದೋ ಬಟ್ಟೆ ಒಣಗಿರುತ್ತೆ. 1830ರ ದಶಕದಲ್ಲಿ ತುಮಕೂರಿನ ಪಕ್ಕದ ಗುಬ್ಬಿಗೆ ಬಂದು ಕನ್ನಡ ಕಲಿತು ಶಾಲೆ ತೆರೆದ ವೆಸ್ಲಿಯನ್ ಮೆಥಡಿಸ್ಟ್ ಮಿಷನರಿಗಳು ಇಂಥ ಚಾಪೆಲ್‌ಗಳಲ್ಲೇ ಪ್ರಾರ್ಥನೆ ಕಲಿತವರು. ಬಂದ ಹೊಸದರಲ್ಲಿ ಅದನ್ನ ನೋಡಿ ಅತ್ತಿದ್ದೆ.

ಈಗ ಅಳಲ್ಲ. ನಾನು ಹೋಗೋ ಚರ್ಚಲ್ಲಿ ಇಲ್ಲಿನ ಅಜ್ಜ ಅಜ್ಜಿಯರು ಹದಿನಾಲ್ಕು ಜನ. ಉಳಿದವರು ಕೇರಳದ ನರ್ಸುಗಳು, ನೈಜೀರಿಯಾದವರು, ನಾನು. ಎಂಬತ್ತೆಂಟು ವರ್ಷದ ಅಜ್ಜಿಯೊಬ್ಬರು ಪ್ರತಿ ಭಾನುವಾರ ನನ್ನ ಡ್ಯೂಟಿ ಲಿಸ್ಟ್ ಬರ್ಕೊಳ್ತಾರೆ. ನೈಟ್ ಡ್ಯೂಟಿ ಇರೋ ರಾತ್ರಿಗಳಲ್ಲಿ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾರಂತೆ. ಟೀಚರ್, ನಿಮ್ಮಜ್ಜಿಯ ಥರಾನೇ ಅಲ್ವಾ?

ನಮ್ಮನೆ ಚಾಪೆ ಈಗ ಫೋನ್ ಒಳಗಿದೆ. ಕೋಲಾರದಲ್ಲಿ ರಾತ್ರಿ ಒಂಬತ್ತು ಅಂದ್ರೆ ಚಳಿಗಾಲದಲ್ಲಿ ನನಗಿಲ್ಲಿ ಮಧ್ಯಾಹ್ನ ಮೂರೂವರೆ. ಅಮ್ಮ ಫೋನನ್ನ ಸ್ಟೀಲ್ ಡಬ್ಬಿಗೆ ಒರಗಿಸಿ ಇಡ್ತಾರೆ. ಅದು ಹಿಡಿ ಅಕ್ಕಿ ಡಬ್ಬಿ. ಅನ್ನಕ್ಕಿಡೋ ಮುಂಚೆ ಒಂದು ಹಿಡಿ ಅಕ್ಕಿ ಅದಕ್ಕೆ ಹಾಕಿ, ತಿಂಗಳ ಕೊನೆಗೆ ಚರ್ಚಿಗೆ ಕೊಡೋದು. ಒಬ್ಬರಿಗೇ ಅಡಿಗೆ ಮಾಡ್ಕೊಳ್ಳೋವಾಗ್ಲೂ ಅಮ್ಮ ಆ ಹಿಡಿ ತೆಗೀದೆ ಇರಲ್ಲ.

ಹಳೇ ವಿದ್ಯಾರ್ಥಿ

ನಾನು ಕ್ರೈಸ್ತನಲ್ಲ. ಕೋಲಾರದಲ್ಲಿ ಮಿಷನ್ ಶಾಲೆಯಲ್ಲಿ ಓದಿದವನು, ವಯಸ್ಸು ಎಪ್ಪತ್ತು ದಾಟಿದೆ. ನಮ್ಮ ಮನೆಯ ಎರಡು ಹೆರಿಗೆಯೂ ಇಟಿಸಿಎಂ ಆಸ್ಪತ್ರೆಯಲ್ಲೇ ಆದದ್ದು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಕೋಲಾರದ ಮಿಷನ್ ಹೇಗೆ ಬೇರೂರಿತು ಅಂತ ಈಗಿನವರಿಗೆ ಗೊತ್ತೋ ಇಲ್ಲವೋ. 1876ರಿಂದ 78ರವರೆಗೆ ಮಹಾಕ್ಷಾಮ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. ಆಮೇಲೆ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟರು ವಹಿಸಿಕೊಂಡರು. ನಮ್ಮ ಶಾಲೆ, ಆಸ್ಪತ್ರೆ ಎಲ್ಲಕ್ಕೂ ಹಿಂದೆ ಆ ಗಂಜಿಯ ಪಾತ್ರೆ ಇದೆ. ಅದಕ್ಕೆ ಚರ್ಚಿನಲ್ಲಿ ಎಷ್ಟು ಜನ ಕೂತಿದ್ದಾರೆ ಅನ್ನುವ ಎಣಿಕೆಯನ್ನು ನಾನು ಅಷ್ಟು ದೊಡ್ಡದಾಗಿ ನೋಡುವುದಿಲ್ಲ.

ಇನ್ನೊಂದು. ಕಾಲ ಲೌಕಿಕವಾಗುತ್ತಿದೆ ಅನ್ನುತ್ತೀರಿ. ನಮ್ಮ ಕಡೆ ನೋಡಿದರೆ ಜಾತ್ರೆಗಳಲ್ಲಿ ಮೊದಲಿಗಿಂತ ಜನ ಹೆಚ್ಚು, ಕೋಲಾರಮ್ಮನ ಗುಡಿಗೆ ಹಬ್ಬದ ದಿನ ಹೋಗಲಾಗುವುದಿಲ್ಲ, ಮೈಕು, ಫ್ಲೆಕ್ಸು, ಮೆರವಣಿಗೆ ಎಲ್ಲ ಜೋರು. ಆದರೆ ನಮ್ಮ ಬೀದಿಯ ಶನಿವಾರದ ಭಜನೆ ನಿಂತು ಹತ್ತು ವರ್ಷವಾಯಿತು. ಸಂಜೆ ದೇವರ ಮುಂದೆ ದೀಪ ಹಚ್ಚುವುದು ನಮ್ಮ ಮನೆಯಲ್ಲಿ ನಾನೊಬ್ಬನೇ. ಮೊಮ್ಮಗನಿಗೆ ಒಂದು ಶ್ಲೋಕ ಹೇಳಿಕೊಡೋಣ ಅಂದರೆ ‘ಯೂಟ್ಯೂಬಲ್ಲಿ ಇದೆ ತಾತ’ ಅನ್ನುತ್ತಾನೆ. ನಿಮ್ಮ ಸ್ಕ್ರೀನಿನ ಹುಡುಗನೂ ನನ್ನ ಮೊಮ್ಮಗನೂ ಒಂದೇ ಶಾಲೆಯವರಿರಬಹುದು, ಅಮ್ಮಾ. ಬೀದಿಯಲ್ಲಿ ಧರ್ಮ ಹೆಚ್ಚಿದೆ, ಮನೆಯೊಳಗೆ ದೇವರು ಕಡಿಮೆಯಾಗಿದ್ದಾನೆ.

ಮಾಲೂರು

ಭಾಷೆ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಸತ್ಯವೇದ ಓದೋಕೇ ಬರಲ್ಲ. ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ನಾವೇ. ನಮ್ಮ ಚರ್ಚಲ್ಲಿ ಕನ್ನಡ ಹಾಡನ್ನ ಇಂಗ್ಲಿಷ್ ಅಕ್ಷರದಲ್ಲಿ ಸ್ಕ್ರೀನ್ ಮೇಲೆ ಹಾಕ್ತಾರೆ. ರಾಗ ಹಾಕಿ ಹಾಡೋ ಹಳೇ ಕೀರ್ತನೆಗಳನ್ನ ಹಾಡೋಕೆ ಈಗ ಸಭೆಯಲ್ಲಿ ಇಬ್ಬರು ಅಜ್ಜಿಯರು ಬಿಟ್ರೆ ಯಾರಿಲ್ಲ. ಒಬ್ಬರಿಗೆ ಕಿವಿ ಕೇಳಿಸಲ್ಲ, ಆದ್ರೂ ತಾಳ ತಪ್ಪಲ್ಲ. ಅವರದ್ದನ್ನ ರೆಕಾರ್ಡ್ ಮಾಡಿಟ್ಕೊಳ್ಳಿ, ಬೇಗ.

ಚಿಂತಾಮಣಿ

ನಾನು ಮದುವೆಯಾದದ್ದು ಹಿಂದೂ ಹುಡುಗನನ್ನು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಮೂವತ್ತು ದಿನದ ನೋಟಿಸ್ ಗೋಡೆಗೆ ಅಂಟಿಸಿ. ಅವರನ್ನು ಮತಾಂತರ ಮಾಡಿಸಲಿಲ್ಲ, ನಾನೂ ಆಗಲಿಲ್ಲ. ಕ್ವಾಯರ್‌ನಲ್ಲಿ ಹನ್ನೆರಡು ವರ್ಷ ಹಾಡಿದವಳು ನಾನು. ಮದುವೆ ಆದ ಮೇಲೆ ನೀನಿನ್ನು ಮುಂದೆ ನಿಂತು ಹಾಡುವುದು ಬೇಡ, ಹಿಂದೆ ಕೂತುಕೋ ಅಂದರು. ಕೂತೆ. ಮೂರು ತಿಂಗಳು ಕೂತೆ, ಆಮೇಲೆ ಆಗಲಿಲ್ಲ.

ಈಗ ಮಗಳಿಗೆ ನಾಲ್ಕು ವರ್ಷ. ರಾತ್ರಿ ಅವಳ ಹಾಸಿಗೆ ಪಕ್ಕ ಮಂಡಿಯೂರುತ್ತೇನೆ. ಇವರು ಏನೂ ಹೇಳುವುದಿಲ್ಲ, ಬಂದು ಬಾಗಿಲ ಹತ್ತಿರ ನಿಂತಿರುತ್ತಾರೆ. ಮೊನ್ನೆ ನನಗೆ ಜ್ವರ ಬಂದು ಬೇಗ ಮಲಗಿದ್ದೆ. ಅರೆನಿದ್ದೆಯಲ್ಲಿ ಕೇಳಿಸಿತು, ಮಗಳು ಪ್ರಾರ್ಥನೆಯಲ್ಲಿ ಒಂದು ಸಾಲು ಮರೆತಿದ್ದಳು, ಇವರು ಹೇಳಿಕೊಡುತ್ತಿದ್ದರು.

ಟೀಚರ್ ಅಕ್ಕ, ನಿಮ್ಮ ಸಂಡೇ ಸ್ಕೂಲಿಗೆ ನನ್ನ ಮಗಳನ್ನು ಕರೆದುಕೊಂಡು ಬಂದರೆ ಯಾರಾದರೂ ಏನಾದರೂ ಅನ್ನುತ್ತಾರಾ?

ಬಂಗಾರಪೇಟೆ ಟೀಚರ್

ಕರೆದುಕೊಂಡು ಬಾ ಕಂದಾ. ದೂರ ಆಗುತ್ತೆ ಅಂತ ಗೊತ್ತು, ಆದರೂ ಬಾ. ಯಾರಾದರೂ ಏನಾದರೂ ಅಂದರೆ ಮೊದಲು ನನ್ನ ಹತ್ತಿರ ಅನ್ನಲಿ. ಅವರಪ್ಪನನ್ನೂ ಕರೆದುಕೊಂಡು ಬಾ, ಬಾಗಿಲ ಹತ್ತಿರ ನಿಲ್ಲಿಸಬೇಡ, ಒಳಗೆ ಕೂರಿಸು.

ವೈಟ್‌ಫೀಲ್ಡ್ ಪಿಜಿ

ಟೀಚರ್, ಒಂದು ಪ್ರಶ್ನೆ. ನಂಬದೇ ಇರೋವನು ಆ ಚಾಪೆ ಮೇಲೆ ಕೂತ್ಕೋಬಹುದಾ? ಸುಮ್ಮನೆ ಕೇಳ್ತಿದ್ದೀನಿ. ಕೂತ್ರೆ ಮೋಸ ಮಾಡಿದ ಹಾಗೆ ಆಗುತ್ತಾ?

ಮುಳಬಾಗಿಲು ಕಡೆಯವ

ನಮ್ ಕೂಟಕ್ಕೆ ಪ್ರತಿ ಸಲಾನೂ ಒಬ್ಬ ಮುದುಕ ಬತ್ತಾನೆ. ಪ್ರಾರ್ಥನೆ ಮಾಡಲ್ಲ, ಹಾಡಲ್ಲ. ಮನೇಲಿ ಯಾರಿಲ್ಲ, ಇಲ್ಲಿ ಜನ ಅವ್ರೆ ಅಂತ ಬತ್ತಾನೆ. ನಾವು ಏನೂ ಕೇಳಲ್ಲ. ಟೀ ಕೊಡ್ತೀವಿ.

ಬಂಗಾರಪೇಟೆ ಟೀಚರ್

ತಮ್ಮಾ, ಮೋಸ ಆಗುವುದಿಲ್ಲ. ನೀನು ಕಣ್ಣು ಮುಚ್ಚಬೇಕಾಗಿಲ್ಲ, ಆಮೆನ್ ಅನ್ನಬೇಕಾಗಿಲ್ಲ. ನಿನ್ನ ಪಕ್ಕದ ಮನೆ ಅಣ್ಣನ ಹೆಂಡತಿ, ಆ ಮಗು, ಈಗ ಹೇಗಿದ್ದಾರೆ? ಅವರ ಹೆಸರು ಹೇಳು, ನಾವು ಪ್ರಾರ್ಥನೆ ಮಾಡುತ್ತೇವೆ. ಬೆಳಿಗ್ಗೆ ಹೋಗಿ ವಿಚಾರಿಸಿಕೊಂಡು ಬರುವ ಕೆಲಸ ನಿನ್ನದು. ನಮ್ಮಜ್ಜಿಯ ಲೆಕ್ಕದಲ್ಲಿ ಎರಡೂ ಒಂದೇ ಕೆಲಸ.

ಈಗ ಎಲ್ಲರಿಗೂ. ಮೂರು ವಾರದ ಹಿಂದೆ ನಾನು ಇದನ್ನು ಬರೆದ ರಾತ್ರಿಯೇ ಶೋಕೇಸಿನ ಗಾಜು ಸರಿಸಿ ಪುಸ್ತಕ ಹೊರತೆಗೆದೆ. ಅಜ್ಜಿ ಹಾಕಿದ್ದ ನ್ಯೂಸ್‌ಪೇಪರ್ ರಟ್ಟು ಇನ್ನೂ ಹಾಗೇ ಇತ್ತು, ಮಡಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಮಗ ಟಿವಿ ನೋಡುತ್ತಿದ್ದ. ಆರಿಸು ಅನ್ನಲಿಲ್ಲ, ನಾನು ಒಳಕೋಣೆಯಲ್ಲಿ ಚಾಪೆ ಹಾಸಿ ಒಬ್ಬಳೇ 103ನೆಯ ಕೀರ್ತನೆ ಜೋರಾಗಿ ಓದಿದೆ. ಮೊದಲ ವಾರ ಪೂರ್ತಿ ಒಬ್ಬಳೇ. ಎರಡನೇ ವಾರ ಅಮ್ಮ ಗೋಡೆ ಹಿಡಿದುಕೊಂಡು ಬಂದು ಕೂತರು. ಕಣ್ಣು ಕಾಣದಿದ್ದರೂ ನಾನೊಂದು ಸಾಲು ಬಿಟ್ಟಾಗ ‘ಹಿಂದಕ್ಕೆ ಹೋಗು’ ಅಂದರು. ನನಗೆ ಮುಂದೆ ಓದಲಾಗಲಿಲ್ಲ. ಆಗ ಮಗ ಬಂದು ನನ್ನ ಕೈಯಿಂದ ಪುಸ್ತಕ ತಗೊಂಡ. ಕನ್ನಡ ತಡವರಿಸುತ್ತಾನೆ, ಒತ್ತಕ್ಷರ ಬಂದರೆ ನಿಲ್ಲುತ್ತಾನೆ. ಉಳಿದದ್ದನ್ನು ಅವನೇ ಓದಿ ಮುಗಿಸಿದ.

ಇನ್ನೊಂದು ಯೋಚನೆ. ರೈಲಿನ ತಮ್ಮನ ಮಾತು ನನ್ನ ತಲೆಯಲ್ಲಿ ಕೂತಿದೆ. ಎಂಟು ಗಂಟೆ ಅಂತ ನಾವು ಹಿಡಿದುಕೊಂಡಿದ್ದು ಒಲೆ ಆರುವ ಕಾಲಕ್ಕೆ. ಈಗ ಬಂಗಾರಪೇಟೆಯಲ್ಲಿ ಮನೆಮಂದಿ ಒಟ್ಟಾಗುವುದು ಸಂಜೆಯ ರೈಲು ಬಂದ ಮೇಲೆ. ಹಾಗಾಗಿ ಬುಧವಾರ ರಾತ್ರಿ, ರೈಲು ಬಂದು ಅರ್ಧ ಗಂಟೆಗೆ, ರೈಲಿನ ತಮ್ಮನ ಮನೆಯಲ್ಲೇ ಕೂರೋಣ ಅಂತ ಆ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ. ಇಪ್ಪತ್ತು ನಿಮಿಷ, ಅಷ್ಟೇ. ಪ್ರಸಂಗ ಇಲ್ಲ, ಕಾಣಿಕೆ ಇಲ್ಲ. ಒಂದು ಕೀರ್ತನೆ, ಒಂದಷ್ಟು ಹೆಸರುಗಳು. ಮಾಲೂರಿನ ಅಜ್ಜಿಯರ ಹಾಡಿನ ರೆಕಾರ್ಡಿಂಗ್ ಯಾರಾದರೂ ಕಳಿಸಿದರೆ ನಾವೂ ಕಲಿಯುತ್ತೇವೆ. ಪಿಜಿ ತಮ್ಮಾ, ಅದೇ ರೈಲು ವೈಟ್‌ಫೀಲ್ಡಿನಲ್ಲೂ ನಿಲ್ಲುತ್ತೆ.

ವೈಟ್‌ಫೀಲ್ಡ್ ಪಿಜಿ

ಆ ಪಕ್ಕದ ಮನೆ ಅಕ್ಕನಿಗೆ ಇವತ್ತು ಫೋನ್ ಮಾಡಿದೆ, ಹನ್ನೆರಡು ವರ್ಷ ಆದ ಮೇಲೆ. ಮಗ ಆರನೇ ಕ್ಲಾಸು. ಗಣಿತ ಬರಲ್ಲವಂತೆ, ಭಾನುವಾರ ಹೋಗಿ ಹೇಳಿಕೊಡ್ತೀನಿ ಅಂದಿದ್ದೀನಿ. ಬುಧವಾರದ್ದು ಇನ್ನೂ ಗೊತ್ತಿಲ್ಲ ಟೀಚರ್.

ಮಾರಿಕುಪ್ಪಂ ರೈಲು

ಅಕ್ಕಾ, ಮನೇಲಿ ಹೇಳಿದ್ದೀನಿ. ಬುಧವಾರ ಮಗಳನ್ನ ಮಲಗಿಸಬೇಡ ಅಂತಾನೂ ಹೇಳಿದ್ದೀನಿ. ಮಾಲೂರಲ್ಲಿ ಬೇರೆ ರೈಲಿಗೆ ದಾರಿ ಬಿಡೋಕೆ ನಿಲ್ಲಿಸಿದ್ರೆ ಲೇಟಾಗುತ್ತೆ, ನನಗೋಸ್ಕರ ಕಾಯಬೇಡಿ, ಶುರು ಮಾಡಿಬಿಡಿ. ಬಾಗಿಲಿಗೆ ಚಿಲಕ ಮಾತ್ರ ಹಾಕಬೇಡಿ.